ಮೆಚ್ಚು ಮತ್ತು ಬಾಳ್ಗಚ್ಚು: ಗಂಗವಾಡಿಯ ಪ್ರಭುವರ್ಗದಲ್ಲಿ ಒಲವು, ಅಭಿಮಾನ, ಕೀರ್ತಿ

ಮಳವಳ್ಳಿ ತಾಲ್ಲೂಕಿನ ಹಲಗೂರು, ಮದ್ದೂರು ತಾಲ್ಲೂಕಿನ ಆತಕೂರು, ಕಾವೇರಿಯ ದಡದ ತಲಕಾಡು ಇವೆಲ್ಲವೂ ಒಂದು ಕಾಲದಲ್ಲಿ ಗಂಗವಾಡಿ ತೊಂಬತ್ತಾರು ಸಾಸಿರಕ್ಕೆ ಸೇರಿದ್ದ ನೆಲ. ಈ ಪ್ರದೇಶದ ಶಾಸನಗಳನ್ನು ವಿದ್ವಾಂಸರು ಬಹುಮಟ್ಟಿಗೆ ರಾಜವಂಶಗಳ ಕಾಲನಿರ್ಣಯಕ್ಕೂ ಯುದ್ಧಗಳ ನಿರ್ಧಾರಕ್ಕೂ ಬಳಸಿಕೊಂಡಿದ್ದಾರೆ. ಅದು ಅವಶ್ಯವಾದ ಕಾರ್ಯವೇ. ಆದರೆ ಅದೇ ಶಾಸನಗಳಿಗೆ ಬೇರೊಂದು ಪ್ರಶ್ನೆಯನ್ನೂ ಹಾಕಬಹುದು. ಹತ್ತು ಹನ್ನೊಂದನೆಯ ಶತಮಾನಗಳ ಅರಸರು, ಸಾಮಂತರು, ನಾಳ್ಪ್ರಭುಗಳು ಯಾರನ್ನು ಪ್ರೀತಿಸಿದರು? ಯಾವುದಕ್ಕಾಗಿ ಅಭಿಮಾನಪಟ್ಟರು? ಯಾವ ಮಾತಿಗೆ ಅಂಜಿದರು?

ಕಾವ್ಯಗಳಲ್ಲಿ ಇದಕ್ಕೆ ಉತ್ತರ ಸುಲಭವಾಗಿ ದೊರೆಯುತ್ತದೆಂದು ತೋರಬಹುದು. ಪಂಪನ ವಿಕ್ರಮಾರ್ಜುನವಿಜಯವು 941ರ ಕೃತಿ. ಒಲವು, ಛಲ, ಸ್ವಾಮಿಭಕ್ತಿಗಳ ಚಿತ್ರಣದಲ್ಲಿ ಅದಕ್ಕೆ ಸಮಾನವಾದುದು ವಿರಳ. ಆದರೆ ಕವಿಯು ತನ್ನ ಆಶ್ರಯದಾತನಿಗೆ ಪ್ರಿಯವಾದ ಆದರ್ಶವನ್ನು ಬರೆಯುತ್ತಾನೆ. ಕಲ್ಲಿನ ಮೇಲೆ ಬರೆಯಿಸುವವನ ಉದ್ದೇಶ ಇನ್ನೂ ಸಂಕುಚಿತವಾದುದು. ಊರವರ ಮುಂದೆ, ದೇವಾಲಯದ ಬಾಗಿಲಲ್ಲಿ, ಮುಂದಿನವರೆಲ್ಲ ಓದುವಂತೆ ಏನನ್ನು ನಿಲ್ಲಿಸಬೇಕೆಂಬುದನ್ನು ಆತನು ಅಳೆದು ತೂಗಿ ನಿರ್ಧರಿಸುತ್ತಾನೆ. ಆದುದರಿಂದ ಪ್ರಭುಜನರ ಮನಸ್ಸನ್ನು ತಿಳಿಯಲು ಶಾಸನವು ಕಾವ್ಯಕ್ಕಿಂತ ಒರಟಾದ, ಆದರೆ ನಂಬಲರ್ಹವಾದ ಸಾಕ್ಷಿ.

ಈ ದೃಷ್ಟಿಯಿಂದ ಆತಕೂರಿನ ಶಾಸನವನ್ನು ಮೊದಲು ನೋಡಬೇಕು. ಶಕವರ್ಷ 872, ಸೌಮ್ಯ ಸಂವತ್ಸರದ, ಎಂದರೆ ಕ್ರಿ. ಶ. 949-50ರ ಈ ಕಲ್ಲು ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿರುವ ಶಿಲ್ಪವಿದೆ. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಇದನ್ನು 1894ರಲ್ಲಿ ಪ್ರಕಟಿಸಿದರು. ತಕ್ಕೋಲದ ಯುದ್ಧದ ಉಲ್ಲೇಖವಿರುವುದರಿಂದ ದಕ್ಷಿಣ ಭಾರತದ ಇತಿಹಾಸವನ್ನು ಬರೆದವರೆಲ್ಲರೂ ಇದನ್ನು ಉದಾಹರಿಸಿದ್ದಾರೆ. ನಾಯಿಯ ಕಥೆಯನ್ನು ಮಾತ್ರ ಹೆಚ್ಚಿನವರು ಒಂದು ವಾಕ್ಯದಲ್ಲಿ ಮುಗಿಸಿ, ಅದನ್ನು ಒಂದು ವಿನೋದದ ಸಂಗತಿಯೆಂಬಂತೆ ದಾಟಿಹೋಗಿದ್ದಾರೆ. ಶಾಸನವನ್ನು ಹಾಕಿಸಿದವನಿಗೆ ಅದೇ ಮುಖ್ಯ ಸಂಗತಿಯಾಗಿತ್ತೆಂಬುದನ್ನು ನಾವು ಮರೆಯಬಾರದು.

ಕಥೆ ಹೀಗಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಅವನನ್ನು ಸೋಲಿಸಿದನು. ಕೃಷ್ಣನ ಪರವಾಗಿ ಗಂಗರ ಎರಡನೆಯ ಬೂತುಗನು ಕಾದಿದನು. ಬೂತುಗನ ಮುಂದೆ ನಿಂತು ಹೋರಾಡಿದವನು ಮಣಲೆರನೆಂಬ ವೀರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದ್ದು ಕಾಳಿಯೆಂಬ ನಾಯನ್ನು. ನಾಯನ್ನು ಪಡೆದ ಬಳಿಕ ಅವನು ಕೆಲಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟನು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲನ್ನು ನೆಡಲಾಯಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಡಲಾಯಿತು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಊಟಮಾಡಕೂಡದೆಂಬ ಕಟ್ಟಳೆಯಾಯಿತು.

ಬೇಡಿಕೊಳ್ಳೆಂದ ಒಡೆಯನೆದುರು ಈ ಯೋಧನು ನಾಯನ್ನೇ ಏಕೆ ಬೇಡಿದನು? ಬೇಟೆಯ ಹುಚ್ಚು ಎನ್ನುವುದು ಒಂದು ಉತ್ತರ. ಅದು ಸಾಲದು. ಪ್ರಭುವು 'ಮೆಚ್ಚಿದೆನು' ಎಂದು ನುಡಿದಾಗ ಭೂಮಿಯನ್ನು ಬೇಡಿದವನು ತನ್ನ ಪ್ರಾಣದ ಪಣಕ್ಕೆ ತಾನೇ ಬೆಲೆ ಕಟ್ಟಿದಂತಾಗುತ್ತದೆ. ಹೊನ್ನನ್ನು ಬೇಡಿದವನು ಸಂಬಳದ ಆಳಾಗುತ್ತಾನೆ. ಒಡೆಯನ ಪ್ರೀತಿಗೆ ಪಾತ್ರವಾದ, ಹೆಸರಿಟ್ಟು ಕರೆಯುವ ಪ್ರಾಣಿಯನ್ನು ಬೇಡಿದವನಾದರೋ ಒಡೆಯನ ಪ್ರೀತಿಯಲ್ಲೇ ಒಂದು ಪಾಲನ್ನು ಬೇಡಿದಂತೆ. ಒಲವೂ ಬಿಂಕವೂ ಇಲ್ಲಿ ಒಂದೇ ಮಾತಿನಲ್ಲಿ ಕೂಡಿವೆ. ಕೊಡುವವನಿಗೂ ಇದರಲ್ಲಿ ಪರೀಕ್ಷೆಯಿತ್ತು. ಹೊಲ ಗದ್ದೆಗಳನ್ನು ಕೊಡುವುದು ಅರಸನಿಗೆ ದಿನನಿತ್ಯದ ಕೆಲಸ. ತನಗೆ ಪ್ರಿಯವಾದುದನ್ನು ಕೈಬಿಡುವುದರಲ್ಲಿ ಮೆಚ್ಚಿನ ನಿಜ ಸುಳ್ಳುಗಳು ಬಯಲಾಗುತ್ತವೆ.

ಮಣಲೆರನು ಭೂಮಿಯ ಅವಶ್ಯಕತೆಯಿಲ್ಲದ ವಿರಾಗಿಯೇನೂ ಆಗಿರಲಿಲ್ಲ. ಅದೇ ಕಲ್ಲಿನಲ್ಲಿ, ಬೂತುಗನು ಅವನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟನೆಂದಿದೆ. ಬಾಳ್ಗಚ್ಚು ಎಂದರೆ ಬಾಳನ್ನು, ಕತ್ತಿಯನ್ನು, ತೊಳೆಯುವುದು. ರಕ್ತ ಹತ್ತಿದ ಕತ್ತಿಯನ್ನು ತೊಳೆದು ವೀರನಿಗೆ ಭೂಮಿಯನ್ನು ಕೊಡುವ ಮರ್ಯಾದೆ. ಬೇಡದೆ ಬಂದ ಭೂಮಿಯಲ್ಲಿ ಗೌರವವಿದೆ, ಬೇಡಿ ಪಡೆದ ಭೂಮಿಯಲ್ಲಿಲ್ಲ ಎಂಬ ಸೂಕ್ಷ್ಮವಾದ ಲೆಕ್ಕ ಈ ಎರಡು ದಾನಗಳ ನಡುವೆ ಅಡಗಿದೆ.

ಮಣಲೆರನ ಬಿರುದುಗಳನ್ನೂ ಗಮನಿಸಬೇಕು. ಅವನು ಸಗರ ವಂಶದವನು, ವಳಭೀಪುರದ ಒಡೆತನವನ್ನು ಹೇಳಿಕೊಂಡವನು, 'ಸೆಣಸೆ ಮೂಗರಿವ', 'ಬೂತುಗನಂಕಕಾರ'. ದೂರದ ಸೌರಾಷ್ಟ್ರದ ವಳಭಿಗೂ ಶಿಂಷಾ ತೀರದ ಆತಕೂರಿಗೂ ಏನು ಸಂಬಂಧವೆಂದು ನಗುವ ಕಾರಣವಿಲ್ಲ. ಪ್ರಾಚೀನ ನಗರವೊಂದರ ಹೆಸರನ್ನು ಬಿರುದಿನಲ್ಲಿ ಹೊರುವುದು ಅಂದಿನ ಮಾಂಡಲಿಕರ ವಾಡಿಕೆ. ಎದುರಾಳಿಯ ಮೂಗನ್ನು ಅರಿಯುವೆನೆಂಬ ಬಿರುದು ಇನ್ನೂ ಅರ್ಥಪೂರ್ಣವಾದುದು. ಕನ್ನಡದಲ್ಲಿ ಮಾನಹೋದವನನ್ನು ಇಂದಿಗೂ ಮೂಗು ಹೋದವನೆನ್ನುತ್ತೇವೆ. ವೈರಿಯ ಪ್ರಾಣವನ್ನು ತೆಗೆಯುವುದು ಯುದ್ಧಕಾರ್ಯ. ಮೂಗನ್ನು ತೆಗೆಯುವುದು ಅವನನ್ನು ಬದುಕಿರುವಾಗಲೇ ಕೊಲ್ಲುವುದು. ಕೊನೆಯ ಬಿರುದಿನಲ್ಲಿ ಅವನ ಹೆಮ್ಮೆಯೆಲ್ಲ ಒಡೆಯನ ಹೆಸರಿಗೆ ಅಂಟಿಕೊಂಡಿದೆ. ಅವನು ಬರಿಯ ಅಂಕಕಾರನಲ್ಲ, ಬೂತುಗನ ಅಂಕಕಾರ.

ಇನ್ನು ಬೂತುಗನ ಕಡೆಗೆ ತಿರುಗೋಣ. ಆತನ ಕೀರ್ತಿಯೂ ಇದೇ ಕಲ್ಲಿನ ಮೇಲೆ ಪಣಕ್ಕೆ ಬಿದ್ದಿದೆ. ರಾಜಾದಿತ್ಯನನ್ನು ಅವನು ಸುರಗಿಯಿಂದ ಇರಿದು ಕೊಂದನೆಂದು ಶಾಸನ ಹೇಳುತ್ತದೆ. ಹೇಗೆ ಕೊಂದನೆಂಬುದನ್ನು 'ಬಿಸುಗೆಯೆ ಕಳನಾಗೆ' ಎಂಬ ಮಾತುಗಳು ತಿಳಿಸುತ್ತವೆ. ಆರಂಭದ ವಾಚನದಲ್ಲಿ ಈ ಪದಗಳಿಗೆ ಅಪ್ಪುಗೆಯ ನೆವದಲ್ಲಿ ಮೋಸದಿಂದ ಇರಿದನೆಂಬಂತಹ ಅರ್ಥ ಹೊರಟು, ಬೂತುಗನಿಗೆ ವಿಶ್ವಾಸಘಾತುಕನೆಂಬ ಹೆಸರು ಹತ್ತಿತು. ಮುಂದೆ 'ಬಿಸುಗೆ' ಎಂದರೆ ಆನೆಯ ಮೇಲಿನ ಆಸನವೆಂದೂ 'ಕಳ' ಎಂದರೆ ರಣರಂಗವೆಂದೂ ಸ್ಪಷ್ಟವಾಯಿತು. ಆನೆಯ ಮೇಲಿನ ಆಸನವನ್ನೇ ಯುದ್ಧಭೂಮಿಯಾಗಿ ಮಾಡಿಕೊಂಡು, ಎದುರಾಳಿಯ ಆನೆಯನ್ನೇರಿ ಇರಿದನೆಂಬುದು ಇದರ ತಾತ್ಪರ್ಯ. ನನ್ನ ಅಭಿಪ್ರಾಯದಲ್ಲಿ ವ್ಯಾಕರಣದ ಚರ್ಚೆಗೆ ಮುಂಚೆಯೇ ಸಾಮಾನ್ಯ ಬುದ್ಧಿಯು ಎರಡನೆಯ ಅರ್ಥವನ್ನು ಸೂಚಿಸಬೇಕಾಗಿತ್ತು. ಬೂತುಗನಂಕಕಾರನೆಂದು ಮೆರೆಯುವವನು ತನ್ನ ಒಡೆಯನು ಮೋಸಗಾರನೆಂದು ದೇವಾಲಯದ ಮುಂದೆ ಕಲ್ಲು ಹಾಕಿಸುವುದುಂಟೆ? ಒಂದು ಪದದ ವಾಚನದ ಮೇಲೆ ಸಾವಿರ ವರ್ಷಗಳ ಹಿಂದಿನ ಅರಸನ ಮಾನ ನಿಂತಿತ್ತೆಂಬುದು ಶಾಸನಶಾಸ್ತ್ರದ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಚೋಳರಿಗೂ ಈ ಸಾವಿನಲ್ಲಿ ತಮ್ಮದೇ ಆದ ಕೀರ್ತಿಯ ಪಾಲು ಬೇಕಾಗಿತ್ತು. ದೊಡ್ಡ ಲೈಡನ್ ತಾಮ್ರಶಾಸನದ ಪ್ರಕಾರ ಆನೆಯ ಮೇಲೆ ಕುಳಿತಿದ್ದ ರಾಜಾದಿತ್ಯನ ಎದೆಯನ್ನು ಕೃಷ್ಣರಾಜನ ಬಾಣಗಳು ಸೀಳಿದವು. ಅವನು ವೀರಸ್ವರ್ಗವನ್ನು ಸೇರಿದನು. ತಮಿಳು ಶಾಸನಗಳಲ್ಲಿ ಅವನಿಗೆ ಆನೆಯ ಮೇಲೆ ಸತ್ತ ದೇವನೆಂಬ ಹೆಸರೇ ನಿಂತಿತು. ಇಲ್ಲಿ ಬೂತುಗನ ಹೆಸರಿಲ್ಲ, ಸುರಗಿಯಿಲ್ಲ. ಚಕ್ರವರ್ತಿಯ ಬಾಣದಿಂದ ಸಾಯುವುದು ಗೌರವ. ಅವನ ಸಾಮಂತನೊಬ್ಬನು ಆನೆಗೆ ಹಾರಿ ಇರಿದನೆಂದರೆ ಅಷ್ಟು ಗೌರವವಿಲ್ಲ. ಆನೆಯೊಂದೇ ಎರಡು ಕಥೆಗಳಿಗೂ ಸಾಮಾನ್ಯ.

ಈ ಕೊಲೆಗೆ ಪ್ರತಿಫಲವಾಗಿ ಕೃಷ್ಣನು ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವನ್ನು ಮೆಚ್ಚಿ ಕೊಟ್ಟನೆಂದು ಆತಕೂರಿನ ಕಲ್ಲು ಹೇಳುತ್ತದೆ. ಈ ಪಟ್ಟಿಯನ್ನು ಧಾರವಾಡ ಸೀಮೆಯ ಹೆಬ್ಬಾಳದ 975ರ ಶಾಸನದೊಡನೆ ಹೋಲಿಸಬೇಕು. ಬೂತುಗನು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಹೆಬ್ಬಾಳದ ಶಾಸನದಲ್ಲಿ, ಆಕೆಯ ತಂದೆ ಬದ್ದೆಗನು ಮಗಳನ್ನು ಬೂತುಗನಿಗೆ ಕೊಟ್ಟಾಗ ಪುರಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡುಗಳನ್ನು ಬಳಿವಳಿಯಾಗಿ ಕೊಟ್ಟನೆಂದಿದೆ. ಬನವಾಸಿಯೊಂದನ್ನುಳಿದು ನಾಡುಗಳು ಅವೇ! ಒಂದು ಕಡೆ ಅವು ಮದುವೆಯ ಬಳುವಳಿ, ಇನ್ನೊಂದು ಕಡೆ ಕತ್ತಿಯ ಸಂಭಾವನೆ. ಮೊದಲು ಬಳುವಳಿಯಾಗಿ ಬಂದುದನ್ನು ಕೃಷ್ಣನು ತಕ್ಕೋಲದ ನಂತರ ಸ್ಥಿರಪಡಿಸಿದನೆಂದು ಸಮನ್ವಯ ಮಾಡಬಹುದು. ಆದರೆ ಬರೆಯಿಸಿದವರ ಆಯ್ಕೆ ಗಮನಾರ್ಹ. ಯೋಧ ಮಣಲೆರನ ಕಲ್ಲಿನಲ್ಲಿ ಒಡೆಯನು ಹೆಂಡತಿಯ ಕಡೆಯಿಂದ ಭೂಮಿ ಪಡೆದವನಾಗಿರಬಾರದು; ರೇವಕನಿಮ್ಮಡಿಯ ಸಂತತಿಯನ್ನು ಹೊಗಳುವ ಕಲ್ಲಿನಲ್ಲಿ ಆಕೆಯ ಹಿರಿಮೆ ಕಾಣಲೇಬೇಕು.

ಇದೇ ಕಲ್ಲಿನ ಮತ್ತೊಂದು ಮಾತು ಓದುಗನನ್ನು ನಿಲ್ಲಿಸುತ್ತದೆ. ಎರೆಯಪನ ಮಗನಾದ ರಾಚಮಲ್ಲನನ್ನು ಬೂತುಗನು ಕಾದಿ ಕೊಂದು ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದನಂತೆ. ರಾಚಮಲ್ಲನು ಬೂತುಗನ ಒಡಹುಟ್ಟಿದವನು. ಅಣ್ಣತಮ್ಮಂದಿರ ಈ ಕೊಲೆಯನ್ನು ಶಾಸನವು ಮರೆಮಾಚುವುದಿಲ್ಲ, ಅದಕ್ಕಾಗಿ ಮರುಗುವುದೂ ಇಲ್ಲ. ರಾಜ್ಯಪ್ರಾಪ್ತಿಯ ವಿವರವೆಂಬಂತೆ ಹೇಳಿ ಮುಂದೆ ಸಾಗುತ್ತದೆ. ಅದೇ ಕಲ್ಲಿನಲ್ಲಿ, ಪೂಜೆಯನ್ನು ತಪ್ಪಿಸಿದ ಗೊರವನಿಗೆ ನಾಯಿ ಗೈದ ಪಾಪ ತಟ್ಟುವುದೆಂಬ ಎಚ್ಚರಿಕೆಯಿದೆ. ಬೇಟೆಯಲ್ಲಿ ಕೊಂದ ಜೀವಗಳ ಪಾಪವನ್ನು ನಾಯಿಯ ಲೆಕ್ಕಕ್ಕೆ ಬರೆದಿಟ್ಟ ಈ ಜನ, ದಾಯಾದಿಯ ಕೊಲೆಯನ್ನು ಅರಸನ ಲೆಕ್ಕಕ್ಕೆ ಬರೆಯಲಿಲ್ಲ. ನಮಗೆ ಇದು ವಿಪರೀತವಾಗಿ ಕಾಣುತ್ತದೆ. ಅವರಿಗೆ ಹಾಗಿರಲಿಲ್ಲ. ಒಡೆಯನೂ ಬಂಟನೂ ಮೆಚ್ಚಿನಿಂದ ಕಟ್ಟಿಕೊಂಡ ನಂಟು ರಕ್ತಸಂಬಂಧಕ್ಕಿಂತ ಪವಿತ್ರವಾದುದು. ದಾಯಾದಿ ಹುಟ್ಟಿನಿಂದ ಬಂದವನು, ಬಂಟನು ಮಾತಿನಿಂದ ಬಂದವನು. ಪಂಪನ ಕರ್ಣನು ತನ್ನ ಜನ್ಮವೃತ್ತಾಂತವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದಕ್ಕೆ ಆ ಕಾಲದ ಸಭೆಯು ಏಕೆ ತಲೆದೂಗಿರಬೇಕೆಂಬುದು ಈ ಕಲ್ಲನ್ನು ಓದಿದಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಜೋಳವಾಳಿ, ವೇಳೆವಾಳಿ, ಲೆಂಕವಾಳಿಗಳೆಂಬ ಪದಗಳು ಇಂತಹ ನಂಟಿನ ಬೇರೆ ಬೇರೆ ಮೆಟ್ಟಿಲುಗಳನ್ನು ಸೂಚಿಸುತ್ತವೆ. ಉಂಡ ಅನ್ನದ ಋಣವನ್ನು ತೀರಿಸುವುದು ಒಂದು. ಒಡೆಯನೊಡನೆ ಸಾಯುವೆನೆಂಬ ಪ್ರತಿಜ್ಞೆ ಇನ್ನೊಂದು. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗನು ಪ್ರಾಣ ಬಿಡುತ್ತಿರುವ ದೃಶ್ಯವನ್ನು ಕೆತ್ತಲಾಗಿದೆ. ಅವನ ಮನೆಯ ಸೇವಕ ಅಗರಯ್ಯನು ಅವನಿಗೆ ಕೀಳ್ಗುಂಠೆಯಾದನು, ಎಂದರೆ ಒಡೆಯನೊಡನೆ ಪ್ರಾಣಬಿಟ್ಟು ಅವನ ಕೆಳಗೆ ಹೂಳಲ್ಪಟ್ಟನು. ಹೊಯ್ಸಳ ಎರಡನೆಯ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನೆಂಬ ದಂಡನಾಯಕನು ಹೆಂಡತಿ ಸುಗ್ಗಲೆಯೊಡನೆಯೂ ತನ್ನ ವೀರರೊಡನೆಯೂ ಪ್ರಾಣಾರ್ಪಣೆ ಮಾಡಿದ ಸಂಗತಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದಲ್ಲಿದೆ. ಸುಗ್ಗಲೆಯು ಗಂಡನಿಗಾಗಿ ಸತ್ತಳೆ, ಗಂಡನ ಒಡೆಯನಿಗಾಗಿ ಸತ್ತಳೆ? ಪ್ರಭುವರ್ಗದ ಹೆಣ್ಣಿನ ಒಲವು ಗಂಡಿನ ಪ್ರತಿಜ್ಞೆಯೊಳಗೆ ಹೀಗೆ ಕರಗಿಹೋಗುತ್ತಿತ್ತು.

ಹೆಣ್ಣಿನ ದನಿ ಬೇರೆಯಾಗಿ ಕೇಳುವ ಕಲ್ಲು ಒಂದಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನದು, 1057ರದು. (ಮಣಲೆರನು ಬೇಟೆಯಾಡಿದ ಕೆಲಲೆ ನಾಡಿನ ಬೆಳತೂರು ಬೇರೆ, ಇದು ಬೇರೆ.) ಗಂಗವಾಡಿಯು ಆಗ ಚೋಳರ ಕೈಸೇರಿತ್ತು. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ನವಿಲೆನಾಡಿನ ಏಚನ ಹೆಂಡತಿ. ಏಚನು ಮಲ್ಲಯುದ್ಧದಲ್ಲಿ ದಾಯಿಗನೊಬ್ಬನನ್ನು ಕೊಂದನು. ಈ ಅಪರಾಧಕ್ಕಾಗಿ ಅವನನ್ನು ತಲಕಾಡಿಗೆ ಒಯ್ದು, ಚೋಳ ರಾಜೇಂದ್ರನ ಅಪ್ಪಣೆಯಂತೆ ಕೊಲ್ಲಿಸಲಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆಯು ಬೆಂಕಿಯನ್ನು ಹೊಗುವೆನೆಂದಳು. ತಂದೆ ತಾಯಿ ಬಂಧುಗಳು ಬೇಡವೆಂದು ಅಂಗಲಾಚಿದರು. ಆಕೆ ಕೇಳಲಿಲ್ಲ, ಭೂಮಿ, ಹಸು, ಹೊನ್ನುಗಳನ್ನು ದಾನಮಾಡಿ ಅಗ್ನಿಪ್ರವೇಶ ಮಾಡಿದಳು. ಮಲ್ಲನೆಂಬ ಕವಿ ಇದನ್ನು ಪದ್ಯಗಳಲ್ಲಿ ರಚಿಸಿದನು. ಕಲ್ಲನ್ನು ನಿಲ್ಲಿಸಿದವನು ತಂದೆ ರವಿಗನೇ.

ಆತಕೂರಿನಿಂದ ಬೆಳತೂರಿಗೆ ಬಂದಾಗ ಏನು ಬದಲಾಗಿದೆ? ಬೂತುಗನು ಒಡಹುಟ್ಟಿದವನನ್ನು ಕೊಂದು ಅರಸನಾದನು. ಏಚನು ದಾಯಿಗನನ್ನು ಕೊಂದು ಅಪರಾಧಿಯಾದನು. ಇದು ನೀತಿಯ ಭೇದವಲ್ಲ, ಬಲದ ಭೇದ. ಪರರಾಜನ ಆಳ್ವಿಕೆಯಲ್ಲಿ ಸ್ಥಳೀಯ ಪ್ರಭುವಿನ ತೋಳುಬಲಕ್ಕೆ ಹಿಂದಿನ ಮನ್ನಣೆ ಉಳಿದಿರಲಿಲ್ಲ. ಏಚನ ಸಾವು ರಣರಂಗದ ಸಾವೂ ಅಲ್ಲ. ವಧೆಗೊಳಗಾದವನಿಗೆ ವೀರಗಲ್ಲಿನ ಗೌರವ ಸಲ್ಲುವುದು ಕಷ್ಟ. ಗಂಡನ ಮನೆಯ ಹೆಸರಿಗೆ ಹತ್ತಿದ ಈ ಕಲೆಯನ್ನು ತೊಳೆಯಲು ದೇಕಬ್ಬೆಯ ಬಳಿ ಇದ್ದ ಸಾಧನ ಒಂದೇ. ಮಣಲೆರನ ಕತ್ತಿಯನ್ನು ನೀರಿನಿಂದ ತೊಳೆದರು, ಏಚನ ಹೆಸರನ್ನು ಆಕೆಯ ಪ್ರಾಣದಿಂದ ತೊಳೆಯಬೇಕಾಯಿತು.

ಆಕೆಗೆ ಗಂಡನ ಮೇಲೆ ಪ್ರೀತಿಯಿರಲಿಲ್ಲವೆಂದು ಇದರ ಅರ್ಥವಲ್ಲ. ತೌರಿನ ಕುಲಕ್ಕೂ ಗಂಡನ ಕುಲಕ್ಕೂ ಕುಂದು ಬಾರದಂತೆ ನಡೆಯುವೆನೆಂಬ ನಿಲುವಿನಲ್ಲಿ ಒಲವೂ ಛಲವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಆದರೆ ವಿಮರ್ಶಕರು ಈ ಶಾಸನದ ಕಾವ್ಯಗುಣವನ್ನು ಕೊಂಡಾಡುವಾಗ ತಂದೆತಾಯಿಗಳ ಮಾತನ್ನು ಕೇವಲ ಆಕೆಯ ದೃಢತೆಗೆ ಹಿನ್ನೆಲೆಯೆಂದು ಓದುವುದು ನನಗೆ ಸರಿಯೆಂದು ತೋರುವುದಿಲ್ಲ. ಬೇಡವೆಂದ ರವಿಗನೂ ಪ್ರಭುವೇ. ಕುಲದ ಕೀರ್ತಿಯ ಬೆಲೆಯನ್ನು ಆತನು ಮಗಳಿಗಿಂತ ಚೆನ್ನಾಗಿ ಅರಿತವನು. ಅರಿತೂ ಮಗಳು ಬದುಕಲೆಂದು ಬೇಡಿಕೊಂಡನು. ನಾನು ನೋಡಿದಂತೆ, ಇಲ್ಲಿ ಚರ್ಚಿಸಿದ ಕಲ್ಲುಗಳಲ್ಲೆಲ್ಲ ಕೀರ್ತಿಯೊಡನೆ ಸೇರಿಕೊಳ್ಳದ, ಕೀರ್ತಿಗೆ ಎದುರಾಗಿಯೇ ನುಡಿದ ಒಲವು ಇದೊಂದೇ. ಅದು ಸೋತಿತು. ಸೋತ ಮಾತನ್ನೂ ಕಲ್ಲಿನಿಂದ ತೆಗೆಸದೆ ಉಳಿಸಿದುದು ರವಿಗನ ದೊಡ್ಡತನ. ಹದಿಹರೆಯದ ವಿದ್ಯಾರ್ಥಿಗಳಿಗೆ ಈ ಶಾಸನವನ್ನು ಪಾಠ ಹೇಳುವ ಅಧ್ಯಾಪಕರು ಸಹಗಮನದ ವೈಭವಕ್ಕಿಂತ ಈ ನಾಲ್ಕು ಮಾತುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಯುಕ್ತ.

ಪ್ರಭುಗಳು ತಮ್ಮ ಅಭಿಮಾನವನ್ನು ತಾವೇ ಬರೆಯಿಸಿಕೊಂಡರು. ಅಭಿಮಾನವನ್ನು ಕೆಳಗಿನಿಂದ ನೋಡಿದವರು ಕಲ್ಲು ಹಾಕಿಸಲಿಲ್ಲ, ಹಾಡು ಕಟ್ಟಿದರು. ಅಂತಹ ಹಾಡೊಂದರಲ್ಲಿ ಹಲಗೂರಿನ ಹೆಸರೇ ಇದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಹಲಗೂರಿನ ಪಾಂಚಾಳರು ಸಿರಿವಂತರು, ಕುಲುಮೆಗಳ ಒಡೆಯರು, ಹೆಸರುವಾಸಿಗಳು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯು ಅವರ ಬಾಗಿಲಿಗೆ ಕಬ್ಬಿಣದ ಭಿಕ್ಷೆಗೆ ಬರುತ್ತಾನೆ. ಅವನು ಕೂಡ ಮದ್ದೂರು ಸೀಮೆಯ ನಿಡಘಟ್ಟದ ಕಮ್ಮಾರರ ಮನೆಯಲ್ಲಿ ಹುಟ್ಟಿದವನೇ. ತಮ್ಮವನೇ ಭಿಕ್ಷುಕನ ವೇಷದಲ್ಲಿ ನಿಂತಿದ್ದರೂ ಪಾಂಚಾಳರು ಅವನನ್ನು ಅಲ್ಲಗಳೆದು, ಅವಮಾನಿಸಿ, ಕಠಿನ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಗೆಲ್ಲುತ್ತಾನೆ, ಅವರ ಗರ್ವ ಮುರಿಯುತ್ತದೆ. ಇಲ್ಲಿ ಬೇಡುವವನು ಮಣಲೆರನಂತೆ ಒಡೆಯನ ಮೆಚ್ಚನ್ನು ಪಡೆದು ಬೇಡಿದವನಲ್ಲ, ಗುರುವಿನ ಅಪ್ಪಣೆಯನ್ನು ಹೊತ್ತು ಬೇಡಿದವನು. ಕೊಡುವವರು ಕೊಡಲಾರದೆ ಹೆಸರು ಕೆಡಿಸಿಕೊಂಡವರು. ಬೇಡುವ ಕೊಡುವ ಈ ವ್ಯವಹಾರದಲ್ಲಿ ಆತಕೂರಿನ ಕಲ್ಲು ಕೊಟ್ಟವನ ಕೀರ್ತಿಯನ್ನು ಕಾಯ್ದಿತು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವಾಗ ಕೇಳಿಬರುವುದು ಕೊಡದವರ ಕಥೆ.